ಕೇಳಿದ ಸಿಪಾಯಿ ಸಣ್ಣವನಲ್ಲ

ಹೋದ ಆಗಸ್ಟ್ 15ಕ್ಕೆ ನಮ್ಮೂರ ಶಾಲೆಯ ಮೈದಾನದಲ್ಲಿ ಬಾವುಟ ಹಾರಿಸಿ, ಮಕ್ಕಳ ಕೈಗೆ ಲಾಡು ಕೊಟ್ಟ ಮೇಲೆ, ಮಾಜಿ ಸೈನಿಕರಿಗೆ ಶಾಲು ಹೊದಿಸುವ ಕಾರ್ಯಕ್ರಮ ಇತ್ತು. ಭಾಷಣಕ್ಕೆ ಬಂದಿದ್ದವರು ನಿವೃತ್ತ ಅಧಿಕಾರಿ, ಒಳ್ಳೆಯ ಮಾತುಗಾರರು. ಅವರು ಮೈಕಿನ ಮುಂದೆ ಕೈಯೆತ್ತಿ ಹೇಳಿದರು: "ನಿಜವಾದ ವೀರ ಯಾವತ್ತೂ ಪದಕ ಕೇಳುವುದಿಲ್ಲ. ಕೇಳಿ ಪಡೆದದ್ದು ಪದಕವೇ ಅಲ್ಲ." ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಎರಡನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮಿಲ್ಟ್ರಿ ಮಾವ ಮಾತ್ರ ಹೊದಿಸಿದ್ದ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಹನ್ನೊಂದು ವರ್ಷದಿಂದ ಅವರು ಒಂದು ಪದಕ ಕೇಳುತ್ತಿದ್ದಾರೆ. ಅದು ಊರಿಗೆಲ್ಲ ಗೊತ್ತಿರುವ ಸಂಗತಿ.

ಆ ಭಾಷಣದ ಮಾತು ಅವರೊಬ್ಬರದಲ್ಲ. ಟೀ ಅಂಗಡಿಯಲ್ಲಿ, ಮದುವೆಮನೆಯಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಎಲ್ಲ ಕಡೆ ಇದೇ ಮಾತು. ಫಲಾಪೇಕ್ಷೆ ಇಲ್ಲದೆ ಕರ್ಮ ಮಾಡಬೇಕೆಂದು ಗೀತೆಯನ್ನೂ ಎಳೆದು ತರುತ್ತಾರೆ. ಐವತ್ತು ವರ್ಷದ ಹಿಂದಿನ ಗಾಯಕ್ಕೆ ಈಗ ಪದಕ ಕೇಳುವ ಮುದುಕನನ್ನು ಕಂಡರೆ, ಪಾಪ, ವಯಸ್ಸಾದ ಮೇಲೆ ಆಸೆ ಹೆಚ್ಚು ಎಂದು ನಗುತ್ತಾರೆ. ಈ ಮಾತು ಸುಳ್ಳು ಎಂದು ಹೇಳಲು ನಾನು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಕ್ರೌರ್ಯವೂ ಇದೆ. ದಾಖಲೆ ಇಡಬೇಕಾದವರು ತಮ್ಮ ಕೆಲಸ ಮಾಡದೆ ಹೋದಾಗ ಅದರ ಭಾರವನ್ನು ಗಾಯಗೊಂಡವನ ತಲೆಗೇ ಕಟ್ಟಿ, ಅವನು ಬಾಯಿ ಬಿಟ್ಟರೆ ಅವನನ್ನೇ ಸಣ್ಣವನನ್ನಾಗಿ ಮಾಡುವ ಮಾತು ಇದು.

ಮಾವ ಏನು ಕೇಳುತ್ತಿದ್ದಾರೆ ಎಂಬುದನ್ನು ಮೊದಲು ಸರಿಯಾಗಿ ಹೇಳುತ್ತೇನೆ. ಏಕೆಂದರೆ ಚಪ್ಪಾಳೆ ತಟ್ಟಿದವರಲ್ಲಿ ಬಹಳಷ್ಟು ಜನಕ್ಕೆ ಅದೂ ಗೊತ್ತಿಲ್ಲ. 1966ರಲ್ಲಿ ಸಿಪಾಯಿಯಾಗಿ ಸೇರಿದರು. 1971ರ ಡಿಸೆಂಬರಿನಲ್ಲಿ ಪೂರ್ವದ ಗಡಿ ದಾಟಿ ಹೋದ ತುಕಡಿಯಲ್ಲಿದ್ದರು. ಗದ್ದೆಯ ಬದುವಿನ ಹಿಂದೆ ಮಲಗಿದ್ದಾಗ ಮಾರ್ಟರ್ ಶೆಲ್ ಬಿದ್ದು ಎಡಗಾಲಿನ ಮೀನಖಂಡಕ್ಕೆ ಚೂರುಗಳು ಹೊಕ್ಕವು. ಆಸ್ಪತ್ರೆಯಲ್ಲಿ ಎರಡು ಚೂರು ತೆಗೆದರು, ಒಂದು ಆಳದಲ್ಲಿದೆ ಎಂದು ಹಾಗೇ ಬಿಟ್ಟರು. ವಾಸಿಯಾದ ಮೇಲೆ ಮತ್ತೆ ಡ್ಯೂಟಿಗೆ ಹೋದರು. 1975ರಲ್ಲಿ ಅಪ್ಪ ತೀರಿಕೊಂಡು ತೋಟ ನೋಡುವವರಿಲ್ಲದಾಗ ಡಿಸ್ಚಾರ್ಜ್ ತೆಗೆದುಕೊಂಡು ಮನೆಗೆ ಬಂದರು. ಹದಿನೈದು ವರ್ಷ ತುಂಬದ ಕಾರಣ ಪಿಂಚಣಿ ಇಲ್ಲ. ಅದನ್ನು ಅವರು ಯಾವತ್ತೂ ಕೇಳಿಲ್ಲ.

ಅವರ ಹಸಿರು ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಇನ್ನೂ ಓದಲು ಬರುತ್ತದೆ. ಒಳಗೆ ನುಸಿಗುಳಿಗೆ ವಾಸನೆ, ಉಲನ್ ಮಫ್ಲರು, ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್ಕು. ಅದರಲ್ಲಿ ಪದಕಗಳ ಕಾಲಂ ಇದೆ. ಪೂರ್ವಿ ಸ್ಟಾರ್ ಇದೆ, ಸಂಗ್ರಾಮ್ ಮೆಡಲ್ ಇದೆ. ಅಂದರೆ ಈ ಮನುಷ್ಯ ಪೂರ್ವದ ಯುದ್ಧದಲ್ಲಿದ್ದ ಎಂದು ಸರ್ಕಾರ ತನ್ನ ಕೈಯಾರೆ ಬರೆದುಕೊಟ್ಟಿದೆ. ಗಾಯದ ಕಾಲಂ ಮಾತ್ರ ಖಾಲಿ. ವೈರಿಯ ದಾಳಿಯಲ್ಲಿ ನೇರವಾಗಿ ಗಾಯಗೊಂಡವರಿಗೆ ಸಲ್ಲುವ ವೂಂಡ್ ಮೆಡಲ್ ಅವರ ಹೆಸರಿಗೆ ಬಂದಿಲ್ಲ.

ಇದು ಹೇಗಾಗುತ್ತದೆ ಎಂದು ಫೌಜಿನಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಪಾಯಿಯ ಬದುಕಿನಲ್ಲಿ ನಡೆದದ್ದಕ್ಕೆಲ್ಲ ಪಾರ್ಟ್ ಟು ಆರ್ಡರ್ ಹೊರಡಬೇಕು. ಮದುವೆಯಾದರೆ, ಮಗು ಹುಟ್ಟಿದರೆ, ಬಡ್ತಿ ಬಂದರೆ, ಆಸ್ಪತ್ರೆ ಸೇರಿದರೆ, ಯೂನಿಟ್ಟಿನ ಕ್ಲರ್ಕು ಆರ್ಡರ್ ಮಾಡಿ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಅದು ಹೊರಡದಿದ್ದರೆ, ಅಥವಾ ಹೊರಟದ್ದು ಸೇರದಿದ್ದರೆ, ಆ ಸಂಗತಿ ನಡೆದೇ ಇಲ್ಲ. ಯುದ್ಧದ ನಡುವೆ, ಯೂನಿಟ್ಟು ದಿನಕ್ಕೊಂದು ಜಾಗ ಬದಲಿಸುವಾಗ, ಆಫೀಸಿನ ಪೆಟ್ಟಿಗೆಗಳು ಹಿಂದಿನ ಲಾರಿಯಲ್ಲಿ ಎಲ್ಲೋ ಇರುವಾಗ, ಒಬ್ಬ ಸಿಪಾಯಿಯ ಕಾಲಿನ ಗಾಯದ ಆರ್ಡರ್ ತಪ್ಪಿಹೋಗುವುದು ಆಶ್ಚರ್ಯವಲ್ಲ. ಆ ಕ್ಲರ್ಕನ್ನೂ ನಾನು ಬೈಯುವುದಿಲ್ಲ. ತಪ್ಪಿದ್ದನ್ನು ಐವತ್ತು ವರ್ಷ ತಪ್ಪೆಂದು ಒಪ್ಪದೆ ಕೂತವರ ಬಗ್ಗೆಯೇ ನನ್ನ ಸಿಟ್ಟು.

ಮಾವನ ಮೊದಲ ಅರ್ಜಿಗೆ ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಎರಡೇ ಸಾಲು: ನಿಮ್ಮ ಸೇವಾ ಕಡತವನ್ನು ನಿಗದಿತ ಅವಧಿ ಮುಗಿದ ಕಾರಣ ನಿಯಮದಂತೆ ನಾಶಪಡಿಸಲಾಗಿದೆ, ಗಾಯಗೊಂಡ ಬಗ್ಗೆ ನಿಮ್ಮ ಬಳಿ ಇರುವ ಮೂಲ ದಾಖಲೆ ಕಳುಹಿಸಿ. ಮಾವ ಜಿಲ್ಲಾ ಆಸ್ಪತ್ರೆಗೆ ಹೋಗಿ ಕಾಲಿನ ಎಕ್ಸ್‌ರೇ ತೆಗೆಸಿಕೊಂಡು ಬಂದರು. ನಾನದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೇನೆ. ಬೂದು ಮಾಂಸದ ನೆರಳಿನಲ್ಲಿ, ಮೂಳೆಯಿಂದ ಎರಡು ಬೆರಳು ಆಚೆಗೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಒಂದು ತುದಿ ಮುರಿದ ಬಿಳಿಯ ಚೂರು. ಅದರ ಪ್ರತಿಯನ್ನೂ ಡಾಕ್ಟರ ಸರ್ಟಿಫಿಕೇಟನ್ನೂ ಕಳಿಸಿದರು. ಈ ಲೋಹದ ಚೂರು ವೈರಿಯ ದಾಳಿಯಿಂದಲೇ ಬಂದದ್ದೆಂದು ಎಕ್ಸ್‌ರೇಯಿಂದ ಸಾಬೀತಾಗುವುದಿಲ್ಲ ಎಂದು ಉತ್ತರ ಬಂತು.

"ಕಾಗದ ಸುಟ್ಟರು ಮಗಾ, ಕಾಲು ಉಳೀತಲ್ಲ" ಎಂದರು ಮಾವ. ಆವತ್ತು ಅವರ ಗಂಟಲು ಕಟ್ಟಿತ್ತು.

ಈ ಉತ್ತರದ ಒಳಗೆ ಏನಿದೆ ನೋಡಿ. ದಾಖಲೆ ಬರೆಯುವುದು ಯೂನಿಟ್ಟಿನ ಕೆಲಸ, ಕಾಯುವುದು ರೆಕಾರ್ಡ್ ಆಫೀಸಿನ ಕೆಲಸ. ಸಿಪಾಯಿಗೆ ಅವುಗಳ ಮೇಲೆ ಯಾವ ಹಿಡಿತವೂ ಇಲ್ಲ, ಅವು ಅವನ ಕಣ್ಣಿಗೂ ಬೀಳುವುದಿಲ್ಲ. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಕಡತವನ್ನು 25 ವರ್ಷ ಇಟ್ಟು ನಂತರ ನಾಶ ಮಾಡುವ ನಿಯಮ ಮಾಡಿದ್ದೂ ಸೇನೆಯವರೇ, ನಾಶ ಮಾಡಿದ್ದೂ ಅವರೇ. ಹಾಗೆ ಮಾಡುವ ಮುಂಚೆ, ನಿನ್ನ ಕಡತ ಹೋಗಲಿದೆ, ನೋಡಿಕೊಳ್ಳುವುದಿದ್ದರೆ ಬಾ ಎಂದು ಒಂದು ಕಾರ್ಡನ್ನೂ ಹಾಕಲಿಲ್ಲ. ಕೊನೆಗೆ, ದಾಖಲೆ ತಂದು ತೋರಿಸು ಎಂದು ಕೇಳಿದ್ದು ಯಾರನ್ನು? ಈ ಮೂರೂ ಕೆಲಸದಲ್ಲಿ ಪಾಲಿಲ್ಲದ ಒಬ್ಬನೇ ಒಬ್ಬನನ್ನು. ಕಂದಾಯ ಕಚೇರಿಯಲ್ಲಿ ಹಳೆಯ ಪಹಣಿ ಪುಸ್ತಕ ಗೆದ್ದಲು ತಿಂದರೆ ರೈತನ ಜಮೀನು ಹೋಯಿತು ಎನ್ನುತ್ತೇವೆಯೆ? ಊರೇ ಎದ್ದು ಕೂತೀತು. ಸಿಪಾಯಿಯ ವಿಷಯದಲ್ಲಿ ಮಾತ್ರ ಸುಮ್ಮನಿರುತ್ತೇವೆ. ಸುಮ್ಮನಿರುವುದಕ್ಕೆ ಧೈರ್ಯ ಕೊಡುವುದು ಅದೇ ಮಾತು: ನಿಜವಾದ ವೀರ ಕೇಳುವುದಿಲ್ಲ.

ಇದು ನಮ್ಮ ಹಿರಿಯರಿಂದ ಬಂದ ಮಾತೇ? ಖಂಡಿತ ಅಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದ ನಡುವಿನದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಕಾದಿದ ಯುದ್ಧ ಅದರಲ್ಲಿದೆ. ಆ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಒಡೆಯ ಹೇಳಿದ್ದೇನು? ಮೆಚ್ಚಿದೆ, ಏನು ಬೇಕೋ ಬೇಡಿಕೋ ಎಂದ. ಮಣಲೇರ ಬೇಡಿದ. ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ ಎರಡೂ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ವೀರ ಬೇಡಿದ್ದನ್ನು ಇಡೀ ಲೋಕ ಓದಲಿ ಎಂದು ಕಲ್ಲಿನಲ್ಲಿ ಕಡೆಸಿದರು. ಬೇಡಿದ್ದರಿಂದ ಮಣಲೇರ ಸಣ್ಣವನಾದನೆಂದು ಈ ಸಾವಿರ ವರ್ಷದಲ್ಲಿ ಯಾವ ಕನ್ನಡಿಗನೂ ಹೇಳಿಲ್ಲ.

ನಮ್ಮ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ತುರು ಕದಿಯಲು ಬಂದವರನ್ನು ತಡೆದು ಸತ್ತ ದನಗಾಹಿಗೂ ಕಲ್ಲುಂಟು. ಬೆಂಗಳೂರಿನ ಬೇಗೂರಿನಲ್ಲಿರುವ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಬೆಂಗಳೂರಿನ ಕಾಳಗದಲ್ಲಿ ಸತ್ತವನ ಹೆಸರಿದೆ. ಇಂದು ಆ ನಗರದ ಹೆಸರಿನ ಹಳೆಯ ಉಲ್ಲೇಖವೆಂದು ನಾವು ಹೆಮ್ಮೆಯಿಂದ ತೋರಿಸುವುದು ಒಬ್ಬ ಸತ್ತ ಯೋಧನ ದಾಖಲೆಯನ್ನೇ. ಆ ಊರವರು ಅವನ ಕಡತವನ್ನು 25 ವರ್ಷಕ್ಕೆ ನಾಶ ಮಾಡಿದ್ದರೆ ನಮ್ಮ ಚರಿತ್ರೆಯ ಆ ಸಾಲು ಇರುತ್ತಿರಲಿಲ್ಲ. ಹಿರಿಯರು ದಾಖಲೆಯನ್ನು ಊರಿನ ಹೊಣೆ ಎಂದು ತಿಳಿದಿದ್ದರು. ಸತ್ತವನು ಬಂದು ಅರ್ಜಿ ಹಾಕಲಿ ಎಂದು ಕಾಯಲಿಲ್ಲ.

ಅರ್ಹತೆಯಿದ್ದರೆ ಅದು ತಾನಾಗಿ ಬರುತ್ತದೆ, ಯಾರೂ ಕೇಳಬೇಕಿಲ್ಲ ಎನ್ನುವವರು ಮಡಿಕೇರಿಗೆ ಹೋಗಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತದಲ್ಲಿ ನಿಂತು ಈ ಮಾತು ಹೇಳಲಿ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯತ್ತ ಹಾರಿದವು. ದೇವಯ್ಯ ಹೆಚ್ಚುವರಿ ಪೈಲಟ್ ಆಗಿ ಸಿದ್ಧವಾಗಿದ್ದವರು, ಆ ದಾಳಿಯೊಂದಿಗೆ ಸೇರಿಕೊಂಡರು. ಮಿಕ್ಕವರು ಮರಳಿದರು, ದೇವಯ್ಯ ಮರಳಲಿಲ್ಲ. ದಾರಿಯಲ್ಲಿ ಏನಾಯಿತೆಂದು ಕಂಡವರು ನಮ್ಮ ಕಡೆಯಲ್ಲಿ ಯಾರೂ ಇರಲಿಲ್ಲ. ನಮ್ಮ ಕಡತದಲ್ಲಿ ಅವರು ಕಾಣೆಯಾದವರು. ಅಷ್ಟೆ.

ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಆ ಯುದ್ಧದ ಬಗ್ಗೆ ಪುಸ್ತಕ ಬರೆದ. ಅಂದು ಸ್ಟಾರ್‌ಫೈಟರ್ ವಿಮಾನವೊಂದು ಭಾರತದ ಮಿಸ್ಟೇರಿನೊಡನೆ ಕಾದಾಡಿ ಬಿದ್ದದ್ದು, ಅದರ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿದ್ದು ಅದರಲ್ಲಿತ್ತು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಅಮೆರಿಕನ್ ಯುದ್ಧವಿಮಾನ. ಮಿಸ್ಟೇರ್ ಅದರ ಮುಂದೆ ನಿಧಾನದ್ದು, ಹಳೆಯದು. ಏಟು ತಿಂದ ವಿಮಾನದಲ್ಲಿ ಮನೆಯ ಕಡೆಗೆ ತಿರುಗುವ ಬದಲು ಅದರ ಮೇಲೇ ತಿರುಗಿಬಿದ್ದ ಆ ಮಿಸ್ಟೇರಿನ ಪೈಲಟ್ ಯಾರು? ಆ ದಾಳಿಯಿಂದ ಹಿಂದಿರುಗದೆ ಉಳಿದ ಮಿಸ್ಟೇರ್ ದೇವಯ್ಯನವರದು. 1965ರಲ್ಲಿ ಆ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದ ಓ.ಪಿ. ತನೇಜಾ ಇದನ್ನು ಹಿಡಿದು, ದಾಖಲೆ ಸರಿಯಾಗಬೇಕೆಂದು ಬರೆದರು, ಕೇಳಿದರು. 1988ರಲ್ಲಿ, ಸತ್ತ 23 ವರ್ಷಕ್ಕೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಕೇಳಿ ಪಡೆದದ್ದು ಪದಕವೇ ಅಲ್ಲ ಎಂದರಲ್ಲ, ಈ ಮಹಾವೀರ ಚಕ್ರವನ್ನು ಏನೆನ್ನುತ್ತಾರೆ? ಕೇಳಿದ್ದರಿಂದಲೇ ಅದು ಬಂತು. ತನೇಜಾ ತಡವಾಯಿತೆಂದು ಸುಮ್ಮನಿದ್ದಿದ್ದರೆ, ಅವಧಿ ಮುಗಿಯಿತೆಂದು ಅರ್ಜಿಯನ್ನು ಯಾರಾದರೂ ತಿರುಗಿಸಿ ಕಳಿಸಿದ್ದರೆ, ಕೊಡಗಿನ ಆ ಮಗ ಇಂದಿಗೂ ಕಾಣೆಯಾದವರ ಪಟ್ಟಿಯ ಒಂದು ಸಾಲಾಗಿಯೇ ಇರುತ್ತಿದ್ದರು. ಇನ್ನೊಂದು ಮಾತು ನನ್ನನ್ನು ಕೊರೆಯುತ್ತದೆ. ಸಾಕ್ಷಿ ಬಂದದ್ದು ವೈರಿಯ ಕಡೆಯಿಂದ. ನಮ್ಮ ಕಡತ ಬಾಯಿ ಮುಚ್ಚಿ ಕೂತಿದ್ದಾಗ ಅವರ ಕಡೆಯ ಮಾತು ನಮ್ಮವನ ಶೌರ್ಯವನ್ನು ಹೊರತಂದಿತು. ನಮ್ಮ ದಾಖಲೆಯಲ್ಲಿ ಇಲ್ಲದ್ದು ನಡೆದಿಲ್ಲ ಎಂಬ ವಾದ ಅಲ್ಲಿಗೇ ಮುಗಿಯಬೇಕಿತ್ತು.

ದೇವಯ್ಯನವರ ಆ ದಾಳಿಗೂ ಮೂರು ವರ್ಷ ಹಿಂದೆ ರೆಜಾಂಗ್ ಲಾದಲ್ಲಿ ಆದದ್ದು ಇನ್ನೂ ನೋವಿನದು. 1962ರ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ಅವರ ಕುಮಾವ್ ಕಂಪನಿ ಲಡಾಖಿನ ಹಿಮದಲ್ಲಿ ಕೊನೆಯವರೆಗೆ ಕಾದಾಡಿ ಹೆಚ್ಚುಕಡಿಮೆ ಪೂರ್ತಿ ಅಳಿಯಿತು. ಬದುಕಿ ಬಂದ ಬೆರಳೆಣಿಕೆಯ ಜವಾನರು ನಡೆದದ್ದನ್ನು ಹೇಳಿದಾಗ ಮೊದಲು ಯಾರೂ ನಂಬಲಿಲ್ಲ. ಮರುವರ್ಷ ಕುರಿಗಾಹಿಯೊಬ್ಬ ಅತ್ತ ಹೋದಾಗ ಕಂಡದ್ದು ಹಿಮಗಟ್ಟಿದ ದೇಹಗಳು, ಮೋರ್ಚಾಗಳಲ್ಲಿ, ಕೈಯಲ್ಲಿ ಆಯುಧ ಹಿಡಿದಂತೆಯೇ. ಹಿಮ ಸಾಕ್ಷಿ ಹೇಳಿದ ಮೇಲೆ ಮನುಷ್ಯರ ಮಾತನ್ನು ನಂಬಿದರು. ಹಿಮ ಬೀಳದ ಗದ್ದೆಯಲ್ಲಿ, ಮರುದಿನವೇ ಕೊಳೆಯುವ ಮಣ್ಣಿನಲ್ಲಿ ಬಿದ್ದವರ ಸಾಕ್ಷಿಯನ್ನು ಯಾರು ಹೇಳಬೇಕು?

ಮನಸ್ಸಿದ್ದರೆ ದಾಖಲೆ ತಿದ್ದುವುದು ಕಷ್ಟವೂ ಅಲ್ಲ. ಅದೇ 1962ರಲ್ಲಿ ಪ್ಯಾಂಗಾಂಗ್ ಸರೋವರದ ಸಿರಿಜಾಪಿನಲ್ಲಿ ಹೋರಾಡಿದ ಮೇಜರ್ ಧನ್ ಸಿಂಗ್ ಥಾಪಾ ಸತ್ತರೆಂದೇ ತಿಳಿದು ಮರಣೋತ್ತರ ಪರಮವೀರ ಚಕ್ರ ಘೋಷಿಸಿದ್ದರು. ಆಮೇಲೆ ಅವರು ಚೀನಾದಲ್ಲಿ ಸೆರೆಯಾಳಾಗಿದ್ದಾರೆಂದು ಗೊತ್ತಾಯಿತು, ಮರಳಿಯೂ ಬಂದರು. ದಾಖಲೆ ತಿದ್ದಿದರು. ದೇಶದ ಅತಿ ದೊಡ್ಡ ಪದಕದ ದಾಖಲೆಯಲ್ಲೇ ಬದುಕಿದ್ದವರು ಸತ್ತವರಾಗಬಹುದಾದರೆ, ಒಬ್ಬ ಸಿಪಾಯಿಯ ಗಾಯದ ಕಾಲಂ ಖಾಲಿ ಉಳಿಯುವುದು ಅಸಾಧ್ಯವೆಂದು ಯಾವ ಬಾಯಿಯಲ್ಲಿ ಹೇಳುತ್ತೀರಿ?

ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆ. ಅಲ್ಲಿ ಮೊದಲು ಒಬ್ಬ ಯೋಧನ ದಾಖಲೆ ತಿದ್ದಬೇಕಾದರೆ ಅವನ ಹೆಸರಿನಲ್ಲಿ ಸಂಸತ್ತಿನಲ್ಲಿ ಮಸೂದೆ ತರಬೇಕಿತ್ತು. 1946ರಲ್ಲಿ ಅದನ್ನು ನಿಲ್ಲಿಸಿ, ಸೇನಾ ದಾಖಲೆಗಳನ್ನು ತಿದ್ದುವುದಕ್ಕೆಂದೇ ಸಮವಸ್ತ್ರದವರಲ್ಲದ ನಾಗರಿಕರ ಮಂಡಳಿಗಳಿಗೆ ದಾರಿ ಮಾಡಿದರು. ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಬಹುದು, ತಪ್ಪಿಲ್ಲದಿದ್ದರೂ ಅನ್ಯಾಯವಿದ್ದರೆ ತಿದ್ದಬಹುದು. ಅನ್ಯಾಯ ಎಂಬ ಆ ಒಂದು ಮಾತು ಕಾನೂನಿನಲ್ಲಿ ಕೂತಿರುವುದನ್ನು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಯೋಚಿಸಿದೆ. ಸರ್ಕಾರದ ಕಾಗದ ನಿಯಮದ ಪ್ರಕಾರ ಸರಿಯಿದ್ದೂ ಅನ್ಯಾಯವಾಗಿರಬಹುದು ಎಂದು ಸರ್ಕಾರವೇ ಒಪ್ಪಿದ ಮಾತು ಅದು.

ಅಲ್ಲಿನದೆಲ್ಲ ಚೆನ್ನ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಅದೇ ರೋಗ ಇದೆ. ತಪ್ಪು ಕಂಡ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ನ್ಯಾಯದ ದೃಷ್ಟಿಯಿಂದ ಮಂಡಳಿ ಅದನ್ನು ಸಡಿಲಿಸಬಹುದು, ಆದರೆ ಅದು ಮಂಡಳಿಯ ಮರ್ಜಿ. ಕಚೇರಿ ತನ್ನ ಕೆಲಸ ಸರಿಯಾಗಿಯೇ ಮಾಡಿದೆ ಎಂಬ ಭಾವನೆಯಿಂದ ವಿಚಾರಣೆ ಶುರುವಾಗುತ್ತದೆ, ಅಲ್ಲವೆಂದು ತೋರಿಸುವ ಹೊರೆ ಯೋಧನದು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ಸಿಬ್ಬಂದಿ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದು ಸುಮಾರು 160ರಿಂದ 180 ಲಕ್ಷ ಕಡತ ಸುಟ್ಟವು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ 80 ಹೋದವು. ಎರಡು ಮಹಾಯುದ್ಧ, ಕೊರಿಯಾ ಯುದ್ಧ, ಎಲ್ಲ ಅದರಲ್ಲಿತ್ತು. ನಕಲು ಇಟ್ಟಿರಲಿಲ್ಲ, ಮೈಕ್ರೊಫಿಲ್ಮ್ ಮಾಡಿರಲಿಲ್ಲ. ಕಡತಗಳ ಆ ಮಹಡಿಯಲ್ಲಿ ಬೆಂಕಿ ಆರಿಸುವ ನೀರಿನ ಕೊಳವೆಗಳೂ ಇರಲಿಲ್ಲ. ಮುಂದೆ ಎಷ್ಟೋ ಮುದುಕರು ಆ ಬೆಂಕಿಯ ಬೂದಿಯಿಂದ ತಮ್ಮ ಪದಕವನ್ನು ಎತ್ತಿ ತೋರಿಸಬೇಕಾಯಿತು.

ಆದರೂ ಅವರು ಒಂದು ಕೆಲಸ ಮಾಡಿದರು. ಸುಟ್ಟುಹೋಯಿತು, ನೀನೇ ತಾ ಎಂದು ಬಾಗಿಲು ಹಾಕಿಕೊಳ್ಳಲಿಲ್ಲ. ಸಂಬಳ ಕೊಟ್ಟ ವೋಚರುಗಳು, ಕಂಪನಿಗಳು ದಿನವೂ ಬರೆಯುತ್ತಿದ್ದ ಬೆಳಗಿನ ವರದಿಗಳು, ಆಸ್ಪತ್ರೆಗೆ ಸೇರಿಸಿಕೊಂಡವರ ಪಟ್ಟಿಗಳು, ಹೀಗೆ ಬೇರೆ ಬೇರೆ ಕಡೆ ಉಳಿದ ಕಾಗದಗಳಿಂದ ಒಬ್ಬೊಬ್ಬನ ಸೇವೆಯನ್ನು ಮರಳಿ ಕಟ್ಟುವ ಕೆಲಸವನ್ನು ಆ ಕೇಂದ್ರವೇ ಕೈಗೆತ್ತಿಕೊಂಡಿತು. ನಮ್ಮ ಮಾವ ಯುದ್ಧದ ಆ ವಾರಗಳಲ್ಲಿ ಯಾವ ಆಸ್ಪತ್ರೆಯಲ್ಲಿದ್ದರೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ಆಸ್ಪತ್ರೆಗೆ ಒಂದು ಪತ್ರ ಬರೆದು ಕೇಳಿದೆವು ಎಂಬ ಒಂದು ಸಾಲು ಬಂದ ಎರಡು ಉತ್ತರಗಳಲ್ಲಿಯೂ ಇಲ್ಲ.

ಪ್ಯಾರಿಸ್ ಡೇವಿಸ್ ಎಂಬ ಅಮೆರಿಕನ್ ಅಧಿಕಾರಿಯ ಕಥೆ ಕೇಳಿ. ಅಲ್ಲಿನ ವಿಶೇಷ ಪಡೆಯ ಮೊದಲ ಕಪ್ಪು ಅಧಿಕಾರಿಗಳಲ್ಲಿ ಒಬ್ಬರು. 1965ರ ಜೂನಿನಲ್ಲಿ ವಿಯೆಟ್ನಾಮಿನ ಬೊಂಗ್ ಸಾನ್ ಬಳಿ ಹಗಲು ರಾತ್ರಿ ನಡೆದ ಕಾಳಗದಲ್ಲಿ ಸ್ವತಃ ಗಾಯಗೊಂಡಿದ್ದರೂ ತನ್ನವರನ್ನೆಲ್ಲ ಹೊರಗೆಳೆದು ತರುವವರೆಗೆ ಜಾಗ ಬಿಡಲಿಲ್ಲ. ಮೇಲಧಿಕಾರಿ ಅಲ್ಲಿನ ಅತ್ಯುನ್ನತ ಪದಕವಾದ ಮೆಡಲ್ ಆಫ್ ಆನರಿಗೆ ಶಿಫಾರಸು ಮಾಡಿದರು. ಆ ಕಾಗದ ಕಳೆದುಹೋಯಿತು. ಮತ್ತೆ ಕಳಿಸಿದರು, ಮತ್ತೆ ಕಳೆಯಿತು. ಜೊತೆಗಿದ್ದವರು, ಆಮೇಲೆ ಕೆಲವು ಸ್ವಯಂಸೇವಕರು, ಬಿಡದೆ ಹುಡುಕಿ, ಬರೆದು, ಕೇಳಿ, ಕೇಳಿ, ಕೊನೆಗೆ 2023ರ ಮಾರ್ಚ್ 3ರಂದು ಅಧ್ಯಕ್ಷ ಬೈಡನ್ ಆ ಪದಕವನ್ನು ಅವರ ಕೊರಳಿಗೆ ಹಾಕಿದರು. ಆಗ ಅವರಿಗೆ 83 ವರ್ಷ. ಎರಡು ಸಲ ಕಳೆದದ್ದು ಆಕಸ್ಮಿಕವೆಂದು ಅವರ ಜೊತೆಗಾರರು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಒಬ್ಬನೇ ಒಬ್ಬ ಕಪ್ಪು ಯೋಧನಿಗೂ ಆ ಪದಕ ಕೊಟ್ಟಿರಲಿಲ್ಲ. 1997ರಲ್ಲಿ ಮರುಪರಿಶೀಲಿಸಿ ಏಳು ಜನಕ್ಕೆ ಕೊಟ್ಟಾಗ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. ದಾಖಲೆ ತಪ್ಪುವುದು ಎಲ್ಲರಿಗೂ ಒಂದೇ ಸಮ ಅಲ್ಲ. ಪರವಾಗಿ ಬರೆಯುವವರಿಲ್ಲದವರ, ಮೇಲಿನವರ ಪರಿಚಯವಿಲ್ಲದವರ, ಅಧಿಕಾರಿಯ ಭಾಷೆ ಬಾರದ ಸಿಪಾಯಿಯ ಕಾಗದವೇ ಹೆಚ್ಚು ತಪ್ಪಿಹೋಗುತ್ತದೆ. ನಿಜವಾದ ವೀರ ಕೇಳುವುದಿಲ್ಲ ಎಂಬ ಮಾತು ಬೀಳುವುದೂ ಇಂಥವರ ಮೇಲೇ. ಕೇಳದೆ ಬಂದವರಿಗೆ ಈ ಬುದ್ಧಿವಾದದ ಅಗತ್ಯವೇ ಬೀಳುವುದಿಲ್ಲ.

ಬಾಗಿಲು ತೆರೆದರೆ ಸುಳ್ಳರು ನುಗ್ಗುತ್ತಾರೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೋರಾಡದೆ ಪದಕ ಹಾಕಿಕೊಂಡು ತಿರುಗುವವರು ಎಲ್ಲ ದೇಶದಲ್ಲೂ ಇದ್ದಾರೆ. ಆದರೆ ಆ ಜಾತಿಯವನು ರೆಕಾರ್ಡ್ ಆಫೀಸಿನ ಕಿಟಕಿಗೆ ಹೋಗುವುದಿಲ್ಲ. ಅಂಗಡಿಯಲ್ಲಿ ಪದಕ ಕೊಂಡು ಎದೆಗೆ ಹಾಕಿಕೊಳ್ಳುತ್ತಾನೆ, ಕಡತ ಎಂದರೆ ದೂರ ಓಡುತ್ತಾನೆ. ನನ್ನ ಕಡತ ತೆಗೆದು ನೋಡಿ, ನನ್ನ ಜೊತೆಗಿದ್ದವರನ್ನು ಕೇಳಿ, ನನ್ನ ಕಾಲನ್ನು ಪರೀಕ್ಷೆ ಮಾಡಿ ಎಂದು ಹನ್ನೊಂದು ವರ್ಷ ಬರೆಯುವವನು ಸುಳ್ಳ ಹೇಗಾದಾನು? ಸುಳ್ಳನನ್ನು ಹಿಡಿಯಬೇಕಾದರೂ ಕಡತ ಇರಬೇಕು. ಕಡತ ನಾಶ ಮಾಡಿದವರಿಗೆ ಸುಳ್ಳರ ಭಯ ಹೇಳುವ ಹಕ್ಕಿಲ್ಲ.

ಇನ್ನು ಕೆಲವರು, ಶೌರ್ಯಪದಕ ಹಕ್ಕಲ್ಲ, ಸರ್ಕಾರ ಮೆಚ್ಚಿ ಕೊಡುವುದು ಎನ್ನುತ್ತಾರೆ. ಪರಮವೀರ ಚಕ್ರ, ವೀರ ಚಕ್ರಗಳ ಬಗ್ಗೆ ಆ ಮಾತು ಒಪ್ಪೋಣ. ಯಾರ ಶೌರ್ಯ ಎಷ್ಟು ಎಂದು ತೂಗುವುದು ಕಷ್ಟದ ಕೆಲಸವೇ. ಆದರೆ ಯುದ್ಧಭೂಮಿಯಲ್ಲಿದ್ದವನಿಗೆ ಸಲ್ಲುವ ಸ್ಟಾರ್, ವೈರಿಯ ಗುಂಡು ತಗುಲಿದವನಿಗೆ ಸಲ್ಲುವ ವೂಂಡ್ ಮೆಡಲ್ ಹಾಗಲ್ಲ. ಅಲ್ಲಿದ್ದನೋ ಇಲ್ಲವೋ, ತಗುಲಿತೋ ಇಲ್ಲವೋ, ಅಷ್ಟೇ ಪ್ರಶ್ನೆ. ಮೆಚ್ಚುಗೆಯ ಮಾತು ಅಲ್ಲಿ ಬರುವುದೇ ಇಲ್ಲ.

ನಮಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, 2007ರ ಕಾಯ್ದೆಯಿಂದ ಬಂದದ್ದು. ಅದು ಬೇಕಾದದ್ದೇ. ಆದರೆ ಅಲ್ಲಿಗೆ ಹೋಗಲು ಅಂತಿಮ ಆದೇಶದ ಆರು ತಿಂಗಳ ಗಡುವು, ತಡವಾದರೆ ಕಾರಣ ಹೇಳಿ ಮಾಫಿ ಕೇಳಬೇಕು, ವಕೀಲರು, ಓಡಾಟ. ಎಂಬತ್ತರ ಹತ್ತಿರದ ಮನುಷ್ಯ ಕಾಲೆಳೆದುಕೊಂಡು ಸರ್ಕಾರದ ಮೇಲೆ ಕೇಸು ಹಾಕಿದರೆ ಮಾತ್ರ ಒಂದು ಕಾಲಂ ತುಂಬುತ್ತದೆ ಎನ್ನುವುದು ವ್ಯವಸ್ಥೆಯಲ್ಲ. ಕೇಸು ಬೇಡದ, ವಕೀಲ ಬೇಡದ, ದಾಖಲೆಯ ತಪ್ಪನ್ನೇ ನೋಡುವ, ಸೇನೆಯ ಹೊರಗಿನವರೂ ಕೂತಿರುವ ಮಂಡಳಿ ನಮಗೆ ಬೇಕು. ಅದರ ಮುಂದೆ ಕಾಲಮಿತಿ ಇರಬಾರದು. ಮುಖ್ಯವಾಗಿ, ಕಡತ ಕಳೆದದ್ದು ಅಥವಾ ನಾಶವಾದದ್ದು ಸರ್ಕಾರದ ಕೈಯಲ್ಲಾದರೆ, ಸಿಪಾಯಿಯ ಮಾತು ತಪ್ಪೆಂದು ತೋರಿಸುವ ಹೊರೆ ಸರ್ಕಾರದ್ದಾಗಬೇಕು. ಜೊತೆಗಾರರ ಪ್ರಮಾಣಪತ್ರ, ಮನೆಗೆ ಬರೆದ ಇನ್‌ಲ್ಯಾಂಡ್ ಕಾಗದ, ವೈರಿಯ ಕಡೆಯ ದಾಖಲೆ, ಮೈಯೊಳಗಿನ ಚೂರು, ಇವೆಲ್ಲ ಸಾಕ್ಷಿಯಾಗಬೇಕು.

ಇದು ನಮ್ಮ ಕಾನೂನಿಗೆ ಹೊಸತೂ ಅಲ್ಲ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಗವಿಕಲತೆಯ ಪಿಂಚಣಿಯ ಬಗ್ಗೆ ಹೇಳಿದ್ದು ಇದನ್ನೇ. ಸೇನೆಗೆ ಸೇರುವಾಗ ಗಟ್ಟಿಯಾಗಿದ್ದವನು ಸೇವೆಯಲ್ಲಿ ಕಾಯಿಲೆಗೆ ಬಿದ್ದರೆ ಅದು ಸೇವೆಯಿಂದಲೇ ಬಂದದ್ದೆಂದು ತಿಳಿಯಬೇಕು, ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ, ಅನುಮಾನವಿದ್ದರೆ ಅದರ ಲಾಭ ಅವನಿಗೆ. ಹಣ ಕೊಡಬೇಕಾದ ಜಾಗದಲ್ಲೇ ಈ ನ್ಯಾಯ ಸಾಧ್ಯವಾದರೆ, ಒಂದು ಸಾಲು ಬರೆದು ಒಂದು ಬಿಲ್ಲೆ ಕೊಡುವ ಜಾಗದಲ್ಲಿ ಯಾಕೆ ಸಾಧ್ಯವಿಲ್ಲ? ಸೇನೆಗೆ ಸೇರುವಾಗ ಮಾವನ ಕಾಲಿನಲ್ಲಿ ಆ ಚೂರು ಇರಲಿಲ್ಲ. ಇದ್ದಿದ್ದರೆ ಭರ್ತಿಯಲ್ಲಿ ಅವರನ್ನು ಓಡಿಸಿ ನೋಡಿ ತೆಗೆದುಕೊಳ್ಳುತ್ತಿರಲಿಲ್ಲ.

ಕಡತ ನಾಶ ಮಾಡುವ ನಿಯಮ ಇಂದೇ ನಿಲ್ಲಬೇಕು. ತಾಲ್ಲೂಕು ಕಚೇರಿಯ ಪಹಣಿಯನ್ನೇ ಕಂಪ್ಯೂಟರಿಗೆ ಏರಿಸಿದ್ದೇವೆ. ಯುದ್ಧ ಮಾಡಿದವನ ಹತ್ತು ಹಾಳೆಯನ್ನು ಸ್ಕ್ಯಾನ್ ಮಾಡಿ ಇಡಲು ಜಾಗವಿಲ್ಲ ಎಂದರೆ ನಾನು ನಂಬುವುದಿಲ್ಲ. ಬಾಂಗ್ಲಾದೇಶದ ಯುದ್ಧಕ್ಕೆ ಸಂಬಂಧಿಸಿದ ಪೂರ್ವ ಕಮಾಂಡಿನ ಬಹಳಷ್ಟು ದಾಖಲೆ ನಾಶವಾಗಿದೆ ಎಂದು 2010ರಲ್ಲಿ ಪತ್ರಿಕೆಗಳಲ್ಲಿ ವರದಿಯಾದಾಗ ನಾವು ಎರಡು ದಿನ ಮಾತಾಡಿ ಮರೆತೆವು. ಮಾವ ಆ ಪತ್ರಿಕೆಯ ತುಂಡನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.

ಆಗಸ್ಟ್ 15ರ ಆ ಸಂಜೆಯೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಮೆಣಸು ಬಿಡಿಸುತ್ತಿದ್ದರು. ಭಾಷಣದ ಸುದ್ದಿ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮೂರನೇ ಅರ್ಜಿ ಬರೆಯೋಣ ಮಾವ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಹೂಂ, ಬರಿ ಎಂದರು. ನಂಬರು, ರ್‍ಯಾಂಕು, ಹೆಸರು ಬರೆದು, ಗಾಯಗೊಂಡ ದಿನ ಎಂದು ಶುರು ಮಾಡುವಷ್ಟರಲ್ಲಿ ಕೈ ತಡೆದರು.

"ನಂದು ಆಮೇಲೆ ಹಾಕು ಮಗಾ. ನನ್ನ ಎತ್ಕೊಂಡು ಬಂದೋನು ಇದಾನಲ್ಲ, ಸ್ಟ್ರೆಚರ್ ಹಿಂದಿನ ಕಡೆ ಹಿಡಿದಿದ್ದ, ಅವನ ಹೆಸರು ಮೊದಲು ಹಾಕು. ಎರಡನೇ ಶೆಲ್ಲಿಗೆ ಅವ ಅಲ್ಲೇ ಹೋದ. ನಾನು ಗಾಯ ಆಗಿಲ್ಲ ಅಂದ್ರೆ ಅವ ಯಾರನ್ನ ಹೊತ್ತಿದ್ದ ಹೇಳು?"

ಹನ್ನೊಂದು ವರ್ಷದಲ್ಲಿ ನನಗೆ ಅವರು ಇದನ್ನು ಹೇಳಿರಲಿಲ್ಲ. ಹೆಸರು ಹೇಳಿದರು, ನಂಬರಿನ ಕೊನೆಯ ಮೂರು ಅಂಕಿ ಹೇಳಿದರು, ಸೇಲಂ ಕಡೆಯವನು ಎಂದರು, ಊರಿನ ಹೆಸರು ಎಷ್ಟು ಯೋಚಿಸಿದರೂ ಬರಲಿಲ್ಲ. ನಾನು ಹಾಳೆ ಹರಿದು ಮತ್ತೆ ಮೊದಲಿಂದ ಬರೆದೆ. ರಿಜಿಸ್ಟರ್ ಪೋಸ್ಟಿನ ರಸೀದಿಯನ್ನು ಮಾವ ಎಕ್ಸ್‌ರೇ ಕವರಿನೊಳಗೆ ಇಟ್ಟುಕೊಂಡರು.